ತೂಬಿನ ಮನೆಯ ಕಂಪ್ಯೂಟರೂ ನಮ್ಮ ಮಂಟೇಲಿಂಗನೂ

ಹೂಂಗುಟ್ಟುವವರು ಮುಂದೆ ಬನ್ನಿ, ಆಕಳಿಸುವವರು ಗೋಡೆಗೆ ಒರಗಿಕೊಳ್ಳಿ. ನಡುವೆ ಯಾರಾದರೂ "ಬೇಗ ಹೇಳು" ಅಂದರೆ ಕತೆ ಅಲ್ಲಿಗೇ ನಿಲ್ಲುತ್ತದೆ. ನನ್ನ ಸ್ವಭಾವ ನಿಮಗೆ ಗೊತ್ತಲ್ಲ.

ನಮ್ಮ ತಳಗೆರೆಯಲ್ಲಿ ಒಬ್ಬ ತಾಯಿ, ಅವಳಿಗೆ ಒಬ್ಬ ಮಗ. ತಾಯಿ ದೊಡ್ಡತಾಯಮ್ಮ, ಮಗ ಮಂಟೇಲಿಂಗ. ತಾಯಿ ಎಷ್ಟು ಚುರುಕೋ ಮಗ ಅಷ್ಟು ಪೆದ್ದ. ಸೋಮಾರಿ ಅಲ್ಲ, ಪೋಕರಿ ಅಲ್ಲ, ಸುಳ್ಳ ಅಲ್ಲ. ಹೇಳಿದ ಕೆಲಸ ಮಾಡುತ್ತಿದ್ದ. ಹೇಳಿದ್ದನ್ನೇ ಮಾಡುತ್ತಿದ್ದ. ಅದೇ ತಾಪತ್ರಯ!

ಒಂದು ದಿನ ತಾಯಿ ಅಂಗಳದಲ್ಲಿ ರಾಗಿ ಒಣಹಾಕಿ, "ಮಳೆ ಬಂದ್ರೆ ರಾಗಿ ಒಳಕ್ಕೆ ತಂದಾಕ್ಲಾ ಮಗಾ" ಅಂತ ಹೇಳಿ ಹುಲ್ಲಿಗೆ ಹೋದಳು. ಮೋಡ ಕವಿಯಿತು. ಗುಡುಗು ಗುಡುಗಿತು. ಇವನು ಜಗಲಿ ಮೇಲೆ ಕೂತು ಆಕಾಶ ನೋಡುತ್ತಲೇ ಇದ್ದ. ಮಳೆ ದಬದಬ ಸುರಿದ ಮೇಲೆ ಎದ್ದ, ತೊಯ್ದು ತೊಪ್ಪೆಯಾದ ರಾಗಿಯನ್ನು ಬಾಚಿ ಬಾಚಿ ಒಳಗೆ ತಂದ.

"ಮೋಡ ಕಂಡಾಗ್ಲೇ ತರಬಾರ್ದೇನ್ಲಾ!"

"ಮಳೆ ಬಂದ್ರೆ ಅಂದಲ್ಲವ್ವಾ! ಆಗ ಬಂದಿದ್ದು ಬರೀ ಮೋಡ!"

ದೊಡ್ಡತಾಯಮ್ಮ ಹಣೆ ಚಚ್ಚಿಕೊಂಡಳು. "ಇವನ್ನ ಕಟ್ಕಂಡು ನಾನು ಹೆಂಗಪ್ಪಾ ಬಾಳನಾ!" ಅಂದಳು. ಅಂದು, ತೊಯ್ದ ರಾಗಿಯನ್ನು ಮತ್ತೆ ಹರವಿದಳು.

ಅವರದು ನೀರುಗಂಟಿ ಮನೆ. ಅಂದರೆ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವುದು, ಸಾಕಾದಾಗ ಮುಚ್ಚುವುದು ಅವರ ಕೆಲಸ. ಸುಗ್ಗಿಯಲ್ಲಿ ಒಬ್ಬೊಬ್ಬ ಗದ್ದೆಯವರೂ ಅವರಿಗೆ ಭತ್ತ ಅಳೆದು ಕೊಡುತ್ತಾರೆ, ಅದಕ್ಕೆ ಮೇರೆ ಅಂತ ಹೆಸರು. ಆ ಮೇರೆಯೇ ಅವರ ವರ್ಷದ ಅನ್ನ. ಗಂಡ ಹೋದ ಮೇಲೆ ದೊಡ್ಡತಾಯಮ್ಮನೇ ತೂಬಿನ ಕಂಬಿ ಎತ್ತುತ್ತಿದ್ದಳು, ಇಳಿಸುತ್ತಿದ್ದಳು.

ನನ್ನದು ಕಡೆ ಗದ್ದೆ, ಕಾಲುವೆ ಮುಗಿಯುವಲ್ಲಿ. ಕಡೆ ಗದ್ದೆ ತುಂಬಿದ ಮೇಲೇ ತೂಬು ಮುಚ್ಚಬೇಕು ಅಂತ ನಮ್ಮೂರ ಪದ್ಧತಿ. ಪದ್ಧತಿ ಬಾಯಲ್ಲಿತ್ತು, ನೀರು ಮೇಲಿನವರ ಗದ್ದೆಯಲ್ಲಿತ್ತು! ತಮ್ಮದು ತುಂಬಿದ ಕೂಡಲೇ ಅವರು ಕಾಲುವೆಗೆ ಮಣ್ಣು ಕಟ್ಟಿ, "ಸಾಕು, ಮುಚ್ಚು ದೊಡ್ತಾಯಿ" ಅಂತಿದ್ದರು. ಒಂಟಿ ಹೆಂಗಸು, ಯಾರ ಹತ್ತಿರ ಜಗಳ ಕಾಯ್ತಾಳೆ? ಮುಚ್ಚುತ್ತಿದ್ದಳು. ನನ್ನ ಪೈರು ಒಣಗುತ್ತಿತ್ತು. ನಾನು ಅವಳ ಮನೆ ಮುಂದೆ ನಿಂತು ಬೈಯುತ್ತಿದ್ದೆ, ಅವಳು ತಲೆ ತಗ್ಗಿಸಿಕೊಂಡು ಕೇಳುತ್ತಿದ್ದಳು.

ಹೀಗಿರುವಾಗ ಕೆರೆ ಸಂಘದವರು ತೂಬಿಗೆ ಮೋಟಾರು ಹಾಕಿಸಿದರು. ಮೋಟಾರು ಆಡಿಸಲು ಕೆರೆ ಏರಿ ಮೇಲೆ ಒಂದು ತೂಬಿನ ಮನೆ, ಅದರೊಳಗೆ ಒಂದು ಕಂಪ್ಯೂಟರು. ಚಿತ್ರಗಿತ್ರ ಏನೂ ಇಲ್ಲ, ಕಪ್ಪು ಸ್ಕ್ರೀನು. ಒಂದೊಂದು ಮಾತನ್ನೂ ಟೈಪು ಮಾಡಿ ಅಪ್ಪಣೆ ಕೊಡಬೇಕು. ಸಂಘದ ಅಧ್ಯಕ್ಷ ಗೌರಿಶಂಕರಪ್ಪ, ಮೇಲಿನ ಗದ್ದೆಗಳಲ್ಲೆಲ್ಲ ದೊಡ್ಡ ಗದ್ದೆ ಅವನದೇ. ಅವನು ದೊಡ್ಡತಾಯಮ್ಮನನ್ನು ಕರೆಸಿದ.

"ನೋಡು ದೊಡ್ತಾಯಿ, ತೂಬು ಎತ್ತೋ ದಿನ ನಿನ್ನ ಮಗ ಎಲ್ಲರ ಮುಂದೆ ಈ ಮಿಶೀನು ಆಡಿಸ್ಬೇಕು. ಆಡಿಸ್ದ, ನೀರುಗಂಟಿಕೆ ನಿಮ್ದೇ. ಆಡಿಸ್ನಿಲ್ಲ, ಪ್ಯಾಟೆಯಿಂದ ಆಳು ತತ್ತೀವಿ. ಮೇರೆ ಭತ್ತನೂ ಅವನಿಗೇ."

ಪಾಪ, ತಾಯಿಗೆ ಅಕ್ಷರ ಬರದು. ಮಗನಿಗೆ ಅಕ್ಷರ ಬರುತ್ತದೆ, ಮಿಕ್ಕಿದ್ದು ಬರದು! ಅವಳು ಅವನ ಕೈ ಹಿಡಿದು, "ಮಗಾ, ನಮ್ಮ ಅನ್ನ ಆ ಮಿಶೀನಿನೊಳಗೆ ಹೋಗ್ಬುಟ್ಟದೆ ಕನ್ಲಾ, ಕಲ್ತ್ಕಳ್ಳಾ" ಅಂದಳು. ಅವನು ಹೋಗಿ ಕಂಪ್ಯೂಟರಿನ ಹಿಂದೆ ಬಗ್ಗಿ ಬಗ್ಗಿ ಅನ್ನ ಹುಡುಕಿದ.

ಕಲಿಸಲು ಬಂದವಳು ಶಮೀನಾ ಮೇಡಂ, ಆ ಮಿಶೀನು ಕೂರಿಸಿದ ಹುಡುಗಿ. ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಿದ್ದಳು. ಪುಣ್ಯಾತ್ಗಿತ್ತಿ, ಅಪ್ಪಣೆಗಳನ್ನೆಲ್ಲ ನಮಗಾಗಿ ಕನ್ನಡದಲ್ಲೇ ಇಟ್ಟಿದ್ದಳು. ಅವಳು ಹೇಳಿಕೊಟ್ಟದ್ದನ್ನೆಲ್ಲ ನಾನೂ ಕಿಟಕಿಯಲ್ಲಿ ನಿಂತು ಕೇಳಿದ್ದೇನೆ. ಅಜ್ಜಿಗೇನು ಗೊತ್ತು ಅನ್ನಬೇಡಿ.

ಮೊದಲ ದಿನ ಮೇಡಂ ಒಂದು ಚೀಟಿ ಕೊಟ್ಟಳು. ಅದರಲ್ಲಿ ಒಂದೇ ಸಾಲು: "ನಾನು ನಿಮ್ಮ ಹೆಸರು." ಅಂದರೆ ನಾನು ಅಂತ ಒತ್ತಿ, ಪಕ್ಕದಲ್ಲಿ ಅವರವರ ಹೆಸರು ಒತ್ತಬೇಕು, ಆಗ ಕಂಪ್ಯೂಟರು ಒಳಕ್ಕೆ ಬಿಡುತ್ತದೆ. ಮಂಟೇಲಿಂಗ ಚೀಟಿ ನೋಡಿದ, ಬೆರಳು ಹುಡುಕಿ ಹುಡುಕಿ ಒತ್ತಿದ: ನಾನು ನಿಮ್ಮ ಹೆಸರು.

ಸ್ಕ್ರೀನು ಹೇಳಿತು: "ನಿಮ್ಮ ಹೆಸರು ಎಂಬುವವರು ಇಲ್ಲಿ ಯಾರೂ ಇಲ್ಲ."

"ಮೇಡಮ್ಮೋರೆ! ಇದು ನನ್ನೇ ಇಲ್ಲ ಅಂತದೆ! ನಾನು ಇವ್ನಿ ಅಂತ ಹೇಳಿ ಇದಕ್ಕೆ!"

"ನಿಂದೇನೋ ಹೆಸರು?"

"ಮಂಟೇಲಿಂಗ."

"ಮತ್ತೆ ಏನೋ ಒತ್ತಿದೀಯ?"

"ನೀವು ಬರ್ದಿದ್ದು!"

ಮೇಡಂ ನಕ್ಕಳು, ಆಮೇಲೆ ಬೈದಳು, ಆಮೇಲೆ ಬುದ್ಧಿ ಹೇಳಿದಳು. "ಅಲ್ಲಿರೋ ಹೆಸರು ಬರೀ ಜಾಗ ಹಿಡ್ಕೊಂಡಿರೋದು ಕಣೋ. ಹೆಸರಿನ ಜಾಗ ಬಂದಾಗೆಲ್ಲ ನಿನ್ನ ಹೆಸರು ಹಾಕಬೇಕು."

"ಹೂಂ ಕನ ಮೇಡಮ್ಮೋರೆ, ಇನ್ಮೇಲೆ ಹಂಗೇ ಮಾಡ್ತೀನಿ!"

ಮಾರನೆಯ ದಿನ ನಮ್ಮೂರ ಕಾಳಯ್ಯ ತೀರಿಕೊಂಡ. ವಯಸ್ಸಾಗಿತ್ತು, ಹೋದ. ಮಗಳನ್ನು ಆಲದಳ್ಳಿಗೆ ಕೊಟ್ಟಿದ್ದರು, ಅವಳ ಫೋನಿಗೆ ಎಷ್ಟು ಮಾಡಿದರೂ ಹತ್ತಲಿಲ್ಲ. ದೊಡ್ಡತಾಯಮ್ಮ ಮಗನನ್ನು ಓಡಿಸಿದಳು. "ಕಾಳಯ್ಯ ತೀರ್ಕಂಡ, ಬಿರ್ರನೆ ಬನ್ನಿ ಅಂತ ಹೇಳ್ಬುಟ್ಟು ಬಾ ಮಗಾ!"

ಮಂಟೇಲಿಂಗ ಓಡಿದ. ಹೆಸರಿನ ಜಾಗ ಬಂತಲ್ಲ! ಬಾಗಿಲಲ್ಲಿ ನಿಂತು ಕೂಗಿದ, "ಮಂಟೇಲಿಂಗ ತೀರ್ಕಂಡ, ಬಿರ್ರನೆ ಬನ್ನಿ!"

ಕಾಳಯ್ಯನ ಅಳಿಯ ಹೊರಗೆ ಬಂದ. "ಯಾವ ಮಂಟೇಲಿಂಗನಪ್ಪಾ?"

"ತಳಗೆರೆ ದೊಡ್ತಾಯಮ್ಮನ ಮಗ!"

"ಅಯ್ಯೋ ಪಾಪ! ವಯಸ್ಸೆಷ್ಟಾಗಿತ್ತು?"

"ನನ್ನಷ್ಟೇ!"

"ಏನಾಗಿತ್ತಪ್ಪಾ?"

"ಏನೂ ಆಗಿರ್ನಿಲ್ಲ, ಬೆಳಿಗ್ಗೆ ಮುದ್ದೆ ಉಂಡವ್ನೆ!"

"ನೀನ್ಯಾರಪ್ಪಾ?"

"ನಾನೇ ಮಂಟೇಲಿಂಗ!"

ಅಳಿಯ ಹೆಂಡತಿಯ ಮುಖ ನೋಡಿದ, ಹೆಂಡತಿ ಗಂಡನ ಮುಖ ನೋಡಿದಳು. ಸತ್ತವನೇ ಬಂದು ಸುದ್ದಿ ಹೇಳಿದ್ದನ್ನು ಅವರ ವಂಶದಲ್ಲಿ ಯಾರೂ ಕಂಡಿರಲಿಲ್ಲ. ಇದೇನೋ ವಿಚಿತ್ರ, ನೋಡೇ ಬಿಡೋಣ ಅಂತ ಬೈಕು ಹತ್ತಿ ಬಂದರು. ಬಂದರೆ ಅಪ್ಪನ ಹೆಣ. ಮಗಳು ಬಿದ್ದು ಹೊರಳಾಡಿ ಅತ್ತಳು. ಮಣ್ಣು ಮಾಡಿದ ಮೇಲೆ ಮಂಟೇಲಿಂಗನ ತಲೆ ಸವರಿ, "ಏನಾದ್ರೂ ಹೇಳ್ಕಳ್ಳಿ, ಅಪ್ಪನ ಮೊಕ ನೋಡಂಗೆ ಮಾಡ್ದ, ಇವನ ಹೊಟ್ಟೆ ತಣ್ಣಗಿರ್ಲಿ" ಅಂದಳು.

ದೊಡ್ಡತಾಯಮ್ಮನ ಹೊಟ್ಟೆ ಮಾತ್ರ ಉರಿಯುತ್ತಿತ್ತು. "ಬದುಕಿರೋ ಮಗನ್ನ ಸಾಯ್ಸ್ಬುಟ್ಟಲ್ಲಾ! ಹೇಳ್ಕೊಟ್ಟಿದ್ನ ಹೇಳ್ದಂಗೇ ಮಾಡ್ಬೇಕು ಕನ್ಲಾ! ಒಂದ್ ಮಾತು ಬುಡ್ಬ್ಯಾಡ, ಒಂದ್ ಮಾತು ಬದ್ಲಾಯಿಸ್ಬ್ಯಾಡ!"

"ಹೂಂ ಕನವ್ವಾ, ಇನ್ಮೇಲೆ ಹಂಗೇ ಮಾಡ್ತೀನಿ!"

ತಾಯಿಯ ಬುದ್ಧಿ ಹೊತ್ತು ತೂಬಿನ ಮನೆಗೆ ಬಂದ. ಕೆರೆಯಲ್ಲಿ ಇನ್ನೂ ನೀರಿರಲಿಲ್ಲ, ತಪ್ಪಿ ತೂಬು ತೆರೆದರೂ ಭಯವಿರಲಿಲ್ಲ. ಮೇಡಂ, "ನಾನು ಹೇಳ್ತಾ ಹೋಗ್ತೀನಿ, ನೀನು ಒತ್ತು" ಅಂದಳು. ಹೇಳಿದಳು, "ತೂಬು... ಅಯ್ಯೋ, ಏನ್ ಸೊಳ್ಳೆ ಇಲ್ಲಿ... ತೆರೆ. ಎಂಟರ್ ಒತ್ತು."

ಮಂಟೇಲಿಂಗ ಒತ್ತಿದ. ಒತ್ತುತ್ತಲೇ ಇದ್ದ. ಬೆವರು ಬಂತು.

"ಆಯ್ತೇನೋ? ಎಂಟರ್ ಒತ್ತೋ!"

ಮತ್ತೆ ಒತ್ತಿದ. ಮೇಡಂ ಎದ್ದು ಬಂದು ನೋಡಿದರೆ ಸ್ಕ್ರೀನಿನ ಮೇಲೆ: ತೂಬು ಅಯ್ಯೋ ಏನ್ ಸೊಳ್ಳೆ ಇಲ್ಲಿ ತೆರೆ ಎಂಟರ್ ಒತ್ತು ಆಯ್ತೇನೋ ಎಂಟರ್ ಒತ್ತೋ. ಅವಳೇ ಎಂಟರ್ ಗುಂಡಿ ಒತ್ತಿದಳು. ಕಂಪ್ಯೂಟರು ಬಹಳ ಮರ್ಯಾದೆಯಿಂದ ಹೇಳಿತು: "ಅಯ್ಯೋ ಎಂಬ ಅಪ್ಪಣೆ ನನಗೆ ಗೊತ್ತಿಲ್ಲ."

ಮೇಡಂ ನಕ್ಕೂ ನಕ್ಕೂ ಸುಸ್ತಾದಳು. ನಾನು ಕಿಟಕಿಯಲ್ಲಿ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡೆ. ಮಂಟೇಲಿಂಗ ಮಾತ್ರ ಕಂಪ್ಯೂಟರಿನ ಬೆನ್ನು ಸವರಿ, "ಪಾಪ, ಇದೂ ನನ್ನಂಗೇ ಕನ, ಹೇಳ್ದಷ್ಟೇ ತಿಳ್ಕತದೆ" ಅಂದ. ಆ ಮಾತಿಗೆ ಮೇಡಂ ನಗು ನಿಲ್ಲಿಸಿ ಅವನ ಮುಖ ನೋಡಿದಳು.

ಆಮೇಲೆ ಕಂಪ್ಯೂಟರು ಗುಟ್ಟಿನ ಮಾತು ಕೇಳಿತು. ತೂಬಿಗೆ ಬೀಗ ಇದ್ದ ಹಾಗೆ ಅದು, ನೀರುಗಂಟಿಗೆ ಒಬ್ಬನಿಗೇ ಗೊತ್ತಿರಬೇಕು. ಇವನು ಒತ್ತಿದ, ಸ್ಕ್ರೀನಿನ ಮೇಲೆ ಒಂದಕ್ಷರ ಬರಲಿಲ್ಲ. ಜೋರಾಗಿ ಒತ್ತಿದ, ಬರಲಿಲ್ಲ. ಗುದ್ದಿದ, ಬರಲಿಲ್ಲ.

"ಮೇಡಮ್ಮೋರೆ! ಕೀಬೋರ್ಡು ಸತ್ತೋಯ್ತು!"

"ಸತ್ತಿಲ್ಲ ಕಣೋ! ಪಕ್ಕದಲ್ಲಿರೋರು ನೋಡಬಾರದು ಅಂತ ಅದು ತೋರಿಸಲ್ಲ. ಕಣ್ಣಿಗೆ ಕಾಣದಿದ್ರೂ ಒಳಗೆ ಹೋಗ್ತಾ ಇರುತ್ತೆ. ನಂಬಿಕೆಯಿಂದ ಮಾಡು, ಗುದ್ದಬೇಡ."

"ಹೂಂ ಕನ ಮೇಡಮ್ಮೋರೆ, ಇನ್ಮೇಲೆ ಹಂಗೇ ಮಾಡ್ತೀನಿ!"

ಈಗ ಬರುತ್ತದೆ ನನ್ನ ಸರದಿ. ನಾನು ಹರಳೆಣ್ಣೆ ಕಾಯಿಸಿದ್ದೆ. ತಿಂಗಳುಗಟ್ಟಲೆ ಹರಳು ಕೂಡಿಟ್ಟು, ಹುರಿದು, ಕುಟ್ಟಿ ಕಾಯಿಸಿದ ಎಣ್ಣೆ! ದಾರಿಯಲ್ಲಿ ಹೋಗುತ್ತಿದ್ದ ಮಂಟೇಲಿಂಗನನ್ನು ಕರೆದು, "ಈ ಎಣ್ಣೆ ಆ ಡಬ್ಬಕ್ಕೆ ಸುರ್ದುಕೊಡ್ಲಾ, ನನ್ನ ಕೈ ನಡುಗ್ತದೆ" ಅಂದು ಒಳಗೆ ಹೋದೆ. ಬಂದು ನೋಡಿದರೆ ಡಬ್ಬದ ಮುಚ್ಚಳ ಹಾಕಿದ ಹಾಗೇ ಇದೆ. ಇವನು ಮುಚ್ಚಳದ ಮೇಲೆ ಸುರಿಯುತ್ತಿದ್ದಾನೆ, ಕಣ್ಣು ಮುಚ್ಚಿಕೊಂಡು, ಭಕ್ತಿಯಿಂದ! ಎಣ್ಣೆ ಹೊಸಿಲು ದಾಟಿ ಬೀದಿಗೆ ಹೋಗುತ್ತಿದೆ.

"ಏನ್ಲಾ ಮಾಡ್ತಿದ್ದೀಯಾ, ಮನೆಹಾಳ!"

"ಕಣ್ಗೆ ಕಾಣ್ದಿದ್ರೂ ಒಳಕ್ಕೆ ಹೋಯ್ತದೆ ಕನ ಗುರುಮಲ್ಲವ್ವಾ! ನಂಬ್ಬೇಕು!"

"ಎಲ್ಲೋ ಹೋಯ್ತದೆ? ಬೀದಿಗೆ ಹೋಯ್ತದೆ!"

"ಇಲ್ಲ, ಒಳಕ್ಕೇ ಹೋಯ್ತದೆ!"

"ನೆಲ ನೋಡ್ಲಾ!"

"ಇಲ್ಲ, ನೋಡ್ಬಾರ್ದಂತೆ!"

ನಾನು ಬೈದ ಬೈಗುಳವನ್ನು ಈ ಮಕ್ಕಳ ಮುಂದೆ ಹೇಳಲಾರೆ. ದೊಡ್ಡತಾಯಮ್ಮ ಓಡಿ ಬಂದಳು, ಸೆರಗಿನಿಂದ ಎಣ್ಣೆ ಒರಸಿದಳು, ಮಗನ ಬೆನ್ನಿಗೆ ಎರಡು ಬಿಟ್ಟಳು. "ದೊಡ್ಡೋರು ಕೇಳಿದ್ರೆ ಇಲ್ಲ ಇಲ್ಲ ಅಂತ ಎದುರಾಡ್ತೀಯಾ? ಯಾರು ಏನ್ ಕೇಳುದ್ರೂ ಹೌದು ಅನ್ನದ ಕಲಿ! ನಮ್ಮಂಥೋರ್ಗೆ ಅದೇ ಸರಿ!"

"ಹೂಂ ಕನವ್ವಾ, ಇನ್ಮೇಲೆ ಹಂಗೇ ಮಾಡ್ತೀನಿ!"

ಹೌದು ಅನ್ನುವುದನ್ನು ಕಲಿತು ತೂಬಿನ ಮನೆಗೆ ಬಂದ. ಅಷ್ಟು ಹೊತ್ತಿಗೆ ಮೇಡಂ ಕಷ್ಟಪಟ್ಟು ಯಾವ ಗದ್ದೆ ಮೊದಲು, ಯಾವುದು ಆಮೇಲೆ, ಯಾವುದು ಕಡೆ ಅಂತ ಎಲ್ಲವನ್ನೂ ಕಂಪ್ಯೂಟರಿಗೆ ಬರೆದು ಮುಗಿಸಿದ್ದಳು. ಅವಳು ಚಾ ಕುಡಿಯಲು ಹೊರಗೆ ಹೋದಾಗ ಇವನು ತಪ್ಪಾಗಿ ಒತ್ತಿದ ಒಂದು ಸಾಲು ತೆಗೆಯಲು "ಅಳಿಸು" ಅಂತ ಒತ್ತಿದ. ಏನನ್ನು ಅಳಿಸಬೇಕು ಅಂತ ಹೇಳಲಿಲ್ಲ.

ಕಂಪ್ಯೂಟರು ಕೇಳಿತು: "ಇಲ್ಲಿರುವುದನ್ನೆಲ್ಲ ಅಳಿಸಲಾ?"

ಹೌದು ಅಂದ.

"ಖಂಡಿತವಾಗಿಯೂ?"

ಹೌದು ಅಂದ.

"ಅಳಿಸಿದರೆ ಮತ್ತೆ ಸಿಗುವುದಿಲ್ಲ. ಆದರೂ ಅಳಿಸಲಾ?"

ಕೈ ಮುಗಿದು ಹೌದು ಅಂದ. ಎಲ್ಲ ಹೋಯಿತು. ಮೇಡಂ ಚಾ ಲೋಟ ಹಿಡಿದು ಬಂದಳು, ಖಾಲಿ ಸ್ಕ್ರೀನು ನೋಡಿದಳು, ಲೋಟ ಕೆಳಗಿಟ್ಟು ಹಾಗೇ ಕೂತಳು.

"ಯಾಕೋ ಹೌದು ಅಂದೆ?"

"ಕೇಳ್ತಲ್ಲಾ ಮೇಡಮ್ಮೋರೆ! ಮೂರ್ ಕಿತ ಕೇಳ್ತು, ಇಲ್ಲ ಅಂದ್ರೆ ಎದುರಾಡ್ದಂಗೆ!"

ಸುದ್ದಿ ತಿಳಿದು ದೊಡ್ಡತಾಯಮ್ಮ ತೂಬಿನ ಮನೆಯ ಬಾಗಿಲಲ್ಲಿ ಕುಸಿದು ಕೂತಳು. "ಹೋಯ್ತು ಕನವ್ವಾ, ನಮ್ಮ ಅನ್ನ ಹೋಯ್ತು. ಇವರಪ್ಪ ಮಳೇಲಿ ಚಳೀಲಿ ಕಾದ ತೂಬು ಹೋಯ್ತು" ಅಂತ ಗೋಳೋ ಅಂತ ಅತ್ತಳು. ಎಷ್ಟು ಬೈದವಳು ನಾನು, ನಾನೇ ಹೋಗಿ ಅವಳ ಬೆನ್ನು ಸವರಿದೆ.

ಮೇಡಂ ಅವಳ ಪಕ್ಕ ಬಂದು ಕೂತಳು. "ಅಳಬೇಡಿ ಅಮ್ಮಾ. ನನ್ನ ಹತ್ರ ಇನ್ನೊಂದು ಪ್ರತಿ ಇದೆ. ನಾನು ಹೊಸದರಲ್ಲಿ ಇದಕ್ಕಿಂತ ದೊಡ್ಡದನ್ನೇ ಅಳಿಸಿ ಕೂತಿದ್ದೆ, ಆಗ ಕಲಿಸೋರು ನನ್ನ ಓಡಿಸಲಿಲ್ಲ" ಅಂದಳು. ಚೀಲದಿಂದ ತನ್ನ ಕಂಪ್ಯೂಟರು ತೆಗೆದಳು, ಹೋದದ್ದನ್ನೆಲ್ಲ ವಾಪಸು ತಂದು ಕೂರಿಸಿದಳು. ದೊಡ್ಡತಾಯಮ್ಮ ಮನೆಗೆ ಓಡಿ, ಇದ್ದೊಂದು ಹಿಡಿ ಹುರಿಗಡಲೆ ಬೆಲ್ಲ ತಂದು ಆ ಹುಡುಗಿಯ ಕೈಯಲ್ಲಿಟ್ಟು ಕಣ್ಣಿಗೆ ಒತ್ತಿಕೊಂಡಳು. ಅಂಥ ಮೇಷ್ಟ್ರು ಎಲ್ಲರಿಗೂ ಸಿಗಲಿ ಅಂತ ನಾನೂ ಅವತ್ತು ಕೈ ಮುಗಿದೆ.

ಮೇಡಂ ಮಂಟೇಲಿಂಗನನ್ನು ಎದುರಿಗೆ ನಿಲ್ಲಿಸಿಕೊಂಡಳು. "ಕೇಳೋ. ಹೌದು ಅಂದ್ರೆ ಅದು ನಿಜವಾಗ್ಲೂ ಹೌದಾಗಿರಬೇಕು. ಇಲ್ಲ ಅಂದ್ರೆ ಇಲ್ಲವಾಗಿರಬೇಕು. ಯಾರೇ ಏನೇ ಕೇಳಲಿ, ಮೊದಲು ಹೋಗಿ ನಿನ್ನ ಕಣ್ಣಿಂದ ನೋಡು, ಆಮೇಲೆ ಉತ್ತರ ಕೊಡು."

"ಹೂಂ ಕನ ಮೇಡಮ್ಮೋರೆ, ಇನ್ಮೇಲೆ ಹಂಗೇ ಮಾಡ್ತೀನಿ!"

ಅವತ್ತೇ ಸಂಜೆ ತಾಯಿ ಮಗ ಹುಲ್ಲು ಹೊತ್ತು ಬರುತ್ತಿದ್ದರು. ಹೊರೆಯ ಅಡಿಯಲ್ಲಿ ತಾಯಿಯ ಮುಖ ಕಾಣುತ್ತಿರಲಿಲ್ಲ. ಗೌರಿಶಂಕರಪ್ಪ ಎದುರಾದ.

"ಏನ್ಲಾ ಮಂಟ, ನಿಮ್ಮವ್ವ ಮನೇಲವ್ಳಾ?"

"ತಡೀರಿ, ನೋಡ್ಕಂಡ್ ಬತ್ತೀನಿ!"

ಹುಲ್ಲು ಬಿಸಾಕಿ ಮನೆಗೆ ಓಡಿದ. ಒಳಗೆ ನೋಡಿದ, ಹಿತ್ತಿಲು ನೋಡಿದ, ಏದುಸಿರು ಬಿಡುತ್ತ ವಾಪಸು ಬಂದ. "ಮನೇಲಿಲ್ಲ!"

ಅಷ್ಟರಲ್ಲಿ ಹೊರೆ ಇಳಿಸಿ ಗೌರಿಶಂಕರಪ್ಪನ ಹತ್ತಿರ ಮಾತಾಡುತ್ತ ನಿಂತಿದ್ದ ತಾಯಿ, "ನನ್ನ ಹತ್ರ ಇದ್ದ ಬುದ್ಧಿಯೆಲ್ಲ ಮುಗೀತು ಕನ್ಲಾ ಮಗಾ" ಅಂದಳು. ಗೌರಿಶಂಕರಪ್ಪ ಮೀಸೆಯಲ್ಲೇ ನಕ್ಕು, "ಪ್ಯಾಟೆ ಆಳಿಗೆ ಹೇಳ್ಕಳಿಸ್ತೀನಿ ಬುಡು" ಅಂತ ಹೋದ.

ಇನ್ನೊಂದು ಪಾಠ ಉಳಿದಿತ್ತು, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುವುದು. ನೀರಿಲ್ಲವಲ್ಲ, ಮೇಡಂ ತೂಬಿನ ಬದಲು ಬಲ್ಬಿನ ಮೇಲೆ ಕಲಿಸಿದಳು. ಇವನು ಬರೆದ: ದೀಪ ಹಚ್ಚು, ದೀಪ ಆರಿಸು, ಮತ್ತೆ ಮೊದಲಿಂದ ಮಾಡು. ಬಲ್ಬು ಹತ್ತಿತು, ಆರಿತು, ಹತ್ತಿತು, ಆರಿತು. ಮೇಡಂ ಬಸ್ಸಿಗೆ ಹೊತ್ತಾಯಿತೆಂದು ಹೋದಳು. ಬೆಳಿಗ್ಗೆ ಬಂದು ನೋಡಿದರೆ ಬಲ್ಬು ಹತ್ತುತ್ತಿದೆ, ಆರುತ್ತಿದೆ. ಎದುರಿಗೆ ಇವನು ಕೂತಿದ್ದಾನೆ, ಬಲ್ಬಿನ ಜೊತೆ ಕಣ್ಣು ಬಿಡುತ್ತಿದ್ದಾನೆ, ಮುಚ್ಚುತ್ತಿದ್ದಾನೆ! ಕಾಳಯ್ಯ ದೆವ್ವವಾಗಿ ಏರಿ ಮೇಲೆ ಬಂದಿದ್ದಾನೆ ಅಂತ ಊರಲ್ಲಿ ಅರ್ಧ ಜನ ಬಾಗಿಲು ತೆಗೆದಿರಲಿಲ್ಲ.

"ನಿಲ್ಲಿಸಬಾರದೇನೋ!"

"ನಿಲ್ಸು ಅಂತ ನೀವು ಇದಕ್ಕೂ ಹೇಳ್ನಿಲ್ಲ, ನನಗೂ ಹೇಳ್ನಿಲ್ಲ!"

ಮೇಡಂ ತಲೆ ಮೇಲೆ ಕೈ ಹೊತ್ತಳು. "ತಪ್ಪು ನನ್ನದೇ. ಇನ್ನು ಮುಂದೆ ಒಂದೊಂದು ಸುತ್ತಿಗೂ ಅದು ಸಾಕಾ ಅಂತ ನಿನ್ನ ಕೇಳುತ್ತೆ. ನೀನು ಹೌದು ಅನ್ನೋವರೆಗೂ ನಿಲ್ಲಲ್ಲ." ನಿಮ್ಮೂರಲ್ಲಿ ನೀರು ನಿಲ್ಲಿಸುವ ಪದ್ಧತಿ ಏನು ಅಂತ ದೊಡ್ಡತಾಯಮ್ಮನನ್ನು ಕೇಳಿದಳು, ಅವಳು ಹೇಳಿದ ಹಾಗೆ ಬರೆದಳು.

ಮಳೆ ಬಂತು, ಕೆರೆ ತುಂಬಿತು, ತೂಬು ಎತ್ತುವ ದಿನ ಬಂತು. ಊರಿಗೆ ಊರೇ ಏರಿ ಮೇಲೆ. ಪೇಟೆಯ ಆಳೂ ಬಂದು ಬೀಡಿ ಸೇದುತ್ತ ನಿಂತಿದ್ದ. ದೊಡ್ಡತಾಯಮ್ಮ ಎಲ್ಲರ ಹಿಂದೆ ಮರಕ್ಕೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು. ಮಂಟೇಲಿಂಗ ಒಳಗೆ ಹೋದ, ತನ್ನ ಹೆಸರು ಒತ್ತಿದ, ಗುಟ್ಟಿನ ಮಾತು ಒತ್ತಿದ, ತೂಬು ತೆರೆ ಅಂದ. ಮೋಟಾರು ಗುರ್ ಅಂತು, ನೀರು ಭೋರ್ ಅಂತು! ಜನ ಶಿಳ್ಳೆ ಹೊಡೆದರು. ದೊಡ್ಡತಾಯಮ್ಮ ಕಣ್ಣು ಬಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ಮೇಲಿನ ಗದ್ದೆಗಳು ತುಂಬಿದವು. ಸ್ಕ್ರೀನು ಕೇಳಿತು: "ಕಡೆ ಗದ್ದೆಗೆ ನೀರು ಸಾಕಾ?"

ಗೌರಿಶಂಕರಪ್ಪ ಅಂದ, "ಹೌದು ಅಂತ ಒತ್ಲಾ. ಮುಚ್ಚು."

"ತಡೀರಿ, ನೋಡ್ಕಂಡ್ ಬತ್ತೀನಿ!"

ಓಡಿದ ನೋಡಿ! ಏರಿ ಇಳಿದು, ಬದು ಹಾರಿ, ಕೂಗಿದರೂ ಕೇಳದಷ್ಟು ದೂರದಲ್ಲಿ ನಾನು ನೀರಿಗೆ ಕಾದು ನಿಂತಿದ್ದ ನನ್ನ ಗದ್ದೆಗೆ ಬಂದ. ಬಗ್ಗಿ ನೋಡಿದ, ಮಣ್ಣು ಮುಟ್ಟಿ ನೋಡಿದ, ತಿರುಗಿ ಓಡಿದ. ಇಲ್ಲ ಅಂತ ಒತ್ತಿದ. ನೀರು ಹರಿಯುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಕಂಪ್ಯೂಟರು ಮತ್ತೆ ಕೇಳಿತು, ಇವನು ಮತ್ತೆ ಓಡಿದ. ಬಂದು ಇಲ್ಲ ಅಂದ. ಮತ್ತೆ ಕೇಳಿತು, ಮತ್ತೆ ಓಡಿದ. ಪೇಟೆಯ ಆಳು, "ಫೋನ್ ಮಾಡಿ ಗದ್ದೇಲಿರೋ ಆಯಮ್ಮನ್ನೇ ಕೇಳಯ್ಯ" ಅಂದ. "ಕಣ್ಣಿಂದ ನೋಡು ಅಂದವ್ರೆ, ಕಿವಿಯಿಂದ ಅಲ್ಲ" ಅಂದು ಇವನು ಮತ್ತೆ ಓಡಿದ.

ಏರಿ ಮೇಲಿನ ಈ ಮಾತೆಲ್ಲ ನನಗೆ ಆಮೇಲೆ ಮೇಡಂ ಹೇಳಿದ್ದು. ಜನ ನಗುತ್ತಿದ್ದರು. ಗೌರಿಶಂಕರಪ್ಪ ನಗಲಿಲ್ಲ. ಕಾಲುವೆಗೆ ಮಣ್ಣು ಕಟ್ಟಿಸಿದವನು ಅವನೇ ತಾನೇ! ಇವನು ಹೋದ ಸಮಯ ನೋಡಿ ತಾನೇ ಕುರ್ಚಿಯಲ್ಲಿ ಕೂತ, ಹೌದು ಅಂತ ಒತ್ತಿದ. ಕಂಪ್ಯೂಟರು ಗುಟ್ಟಿನ ಮಾತು ಕೇಳಿತು. ಏನೇನೋ ಒತ್ತಿದ, ಕಾಣಲಿಲ್ಲ. ಗುದ್ದಿದ, ಕಾಣಲಿಲ್ಲ.

"ಮೇಡಂ, ನಿಮ್ಮ ಕೀಬೋರ್ಡು ಸತ್ತೋಗದೆ!"

"ಸತ್ತಿಲ್ಲ ಸಾರ್. ನಿಲ್ಲಿಸೋ ಅಧಿಕಾರ ನೀರುಗಂಟಿಗೆ ಮಾತ್ರ. ನಿಮ್ಮೂರ ಪದ್ಧತಿಯನ್ನೇ ಬರೆದಿದ್ದೀನಿ" ಅಂದಳು ಶಮೀನಾ ಮೇಡಂ, ಮುಖದಲ್ಲಿ ಒಂದಿಷ್ಟೂ ನಗು ತೋರಿಸದೆ.

"ಇವನು ಹಿಂಗೇ ಓಡಾಡ್ತಿದ್ರೆ ಕೆರೆ ಬರಿದಾಯ್ತದಲ್ಲ!"

"ಕಡೆ ಗದ್ದೆ ತುಂಬಿದ್ರೆ ನಿಂತುಹೋಗುತ್ತೆ ಸಾರ್."

ಅವತ್ತು ನಾನು ಕಣ್ಣಾರೆ ಕಂಡದ್ದನ್ನು ಸಾಯುವವರೆಗೂ ಮರೆಯುವುದಿಲ್ಲ. ಗೌರಿಶಂಕರಪ್ಪ ಪಂಚೆ ಎತ್ತಿ ಕಟ್ಟಿದ, ಗುದ್ದಲಿ ಹಿಡಿದ, ತಾನು ಕಟ್ಟಿಸಿದ ಮಣ್ಣನ್ನು ತಾನೇ ಕಡಿದು ಹಾಕಿದ. ಅವನ ಹಿಂದೆ ಮೇಲಿನ ಗದ್ದೆಯವರೆಲ್ಲ ಇಳಿದರು. ಕಡಿ ಕಡಿ ಅಂತ ಕೂಗಾಟ! ಕಾಲುವೆ ಬಾಯಿ ಬಿಟ್ಟಿತು, ಕೆಂಪು ನೀರು ಸುರುಳಿ ಸುತ್ತಿಕೊಂಡು ನನ್ನ ಗದ್ದೆಗೆ ಬಂತು. ಮೊದಲು ಮೂಲೆ ಒದ್ದೆಯಾಯಿತು, ಆಮೇಲೆ ನಡು, ಆಮೇಲೆ ಬದುವಿನ ತನಕ ನೀರು. ನಾನು ಅದರಲ್ಲಿ ಕಾಲಿಟ್ಟು ನಿಂತು ಅತ್ತುಬಿಟ್ಟೆ, ಹೇಳಲು ನಾಚಿಕೆ ಏನು. ಮಂಟೇಲಿಂಗ ಬಂದ, ಬಗ್ಗಿ ನೋಡಿದ, ನನ್ನ ಮುಖ ನೋಡಿದ.

"ನೀರು ಸಾಕು ಕನ ಗುರುಮಲ್ಲವ್ವಾ, ನೀ ಬೇರೆ ಸುರಿಸ್ಬ್ಯಾಡ!" ಅಂದು ತಿರುಗಿ ಓಡಿದ. ಹೌದು ಅಂತ ಒತ್ತಿದ, ಗುಟ್ಟಿನ ಮಾತು ಒತ್ತಿದ, ತೂಬು ಮುಚ್ಚಿತು.

ಮೈಯೆಲ್ಲ ಕೆಸರಾಗಿದ್ದ ಗೌರಿಶಂಕರಪ್ಪ ಪೇಟೆಯ ಆಳಿಗೆ, "ನೀ ಹೋಗಪ್ಪಾ, ಇವನ ಹಂಗೆ ಓಡಕ್ಕೆ ನಿನ್ನ ಕೈಲಾಗಲ್ಲ" ಅಂದ. ನೀರುಗಂಟಿಕೆ ಉಳಿಯಿತು. ದೊಡ್ಡತಾಯಮ್ಮ ಮೇಡಂ ಕೈ ಹಿಡಿದುಕೊಂಡವಳು ಸಂಜೆ ಬಸ್ಸು ಬರುವ ತನಕ ಬಿಡಲಿಲ್ಲ.

ಸುಗ್ಗಿ ಬಂತು. ಆ ವರ್ಷ ನನ್ನ ಕಣದಲ್ಲಿ ಬಿದ್ದ ಭತ್ತದ ರಾಶಿಯ ಹಿಂದೆ ನಿಂತರೆ ನಾನು ಕಾಣುತ್ತಿರಲಿಲ್ಲ! ತಾಯಿ ಮಗ ಮೇರೆಗೆ ಬಂದರು. ಎಷ್ಟು ವರ್ಷ ಇವರಿಗೆ ಬೈಗುಳ ಅಳೆದಿದ್ದೇನೆ, ಇವತ್ತು ಭತ್ತ ಅಳೆಯುತ್ತೇನೆ ಅಂತ ಕೊಳಗ ತುಂಬಿ ತುಂಬಿ ಸುರಿದೆ. ತಾಯಿ ಚೀಲದ ಬಾಯಿ ಹಿಡಿದಿದ್ದಳು. ಕೊಡಬೇಕಾದ್ದು ಮುಗಿಯಿತು. ಮುಗಿದ ಮೇಲೂ ಕೈ ನಿಲ್ಲಲಿಲ್ಲ. ಬಾಯಿ ಮಾತಿಗೆ ಕೇಳಿದೆ.

"ಸಾಕೇನ್ಲಾ ಮಂಟ?"

"ತಡಿ ಗುರುಮಲ್ಲವ್ವಾ, ನೋಡ್ಕಂಡ್ ಬತ್ತೀನಿ!"

ಓಡಿದ. ಎಲ್ಲಿಗೆ ಅಂತೀರಿ? ನನ್ನ ಗದ್ದೆಗೆ!

ದೊಡ್ಡತಾಯಮ್ಮ, "ಸಾಕು ಕನವ್ವಾ, ಸಾಕು, ನಿಲ್ಸು!" ಅಂದಳು.

"ನಿನ್ನ ಯಾರು ಕೇಳಿದ್ರು? ಕೇಳಿದ್ದು ನೀರುಗಂಟೀನ. ಬರ್ಲಿ" ಅಂದು ಸುರಿಯುತ್ತಲೇ ಇದ್ದೆ. ಚೀಲ ತುಂಬಿತು, ಅವಳ ಸೆರಗು ತುಂಬಿತು. ಕೊಯ್ಲಾಗಿ ಬರೀ ಕೂಳೆ ನಿಂತ ಗದ್ದೆಯನ್ನು ಬಗ್ಗಿ ನೋಡಿ, ಮಣ್ಣು ಮುಟ್ಟಿ ನೋಡಿ, ಮಂಟೇಲಿಂಗ ಏದುಸಿರು ಬಿಡುತ್ತ ಬಂದ.

"ಇಲ್ಲ ಕನ ಗುರುಮಲ್ಲವ್ವಾ! ಒಂದ್ ತೊಟ್ಟೂ ಇಲ್ಲ!"

ಇಲ್ಲ ಅಂದಮೇಲೆ ಇಲ್ಲವೇ ತಾನೇ. ನಾನು ಇನ್ನೊಂದು ಕೊಳಗ ತುಂಬಿದೆ, "ಈಗ ಸಾಕೇನ್ಲಾ?" ಅಂದೆ. ಅವನು ಮತ್ತೆ ಓಡಿದ.